ನಾಲ್ಕನೇ ನಿಯಮದ ಜಿಂಕೆ

೧೯೯೮ ಡಿಸೆಂಬರ್ ೧೨, ಶನಿವಾರ

ಬೇಟೆಮನೆಯಿಂದ ಎರಡನೆಯ ಕಾಗದವೂ ಬಂತು. ಅಧ್ಯಕ್ಷ ಆರ್ಲೋ ಬ್ರಿಕರ್‌ನ ಸಹಿ. ಒಕ್ಕಣೆಯಲ್ಲಿ ಮರ್ಯಾದೆ ತುಂಬಿ ತುಳುಕುತ್ತಿದೆ, ಒಳಗಿರುವುದು ಶುದ್ಧ ಅಮರ್ಯಾದೆ. ನನ್ನ ತಮ್ಮ ಹಾರ್ಲನ್ ಜುಲೈಯಲ್ಲಿ ತೀರಿಕೊಳ್ಳುವಾಗ ಬೇಟೆಮನೆಯ ತನ್ನ ಪಾಲನ್ನೂ ತಾನೇ ಕೈಯಾರೆ ಮಾಡಿದ ಚಕಮಕಿ ಕೋವಿಯನ್ನೂ ನನ್ನ ಹೆಸರಿಗೆ ಬರೆದಿಟ್ಟು ಹೋದ. ಉಯಿಲಿನ ಬಗ್ಗೆ ಅವರ ತಕರಾರಿಲ್ಲವಂತೆ. ನಾಲ್ಕನೇ ನಿಯಮ ಮಾತ್ರ ಅಡ್ಡ ಬರುತ್ತದಂತೆ. ಹೊಸ ಪಾಲುದಾರರು ಮೊದಲ ಚಳಿಗಾಲದಲ್ಲಿಯೇ, ಕ್ರಿಸ್‌ಮಸ್ ಮರುದಿನದಿಂದ ಎರಡು ವಾರ ಇಂಥ ಹಳೆಯ ಕೋವಿಗಳಿಂದಲೇ ನಡೆಯುವ ಚಕಮಕಿ ಬೇಟೆಯಲ್ಲಿ, ಒಂದು ಜಿಂಕೆ ಹೊಡೆಯಬೇಕು. ಗುಂಡು ತಗಲುವಾಗ ಪ್ರಾಣಿ ಬೇಟೆಮನೆಯ ಗಡಿಯೊಳಗೆ ನಿಂತಿರಬೇಕು. ತಪ್ಪಿದರೆ ಪಾಲು ಉಳಿದವರಿಗೆ ಮರಳುತ್ತದೆ.

ನನಗೆ ಅರವತ್ತೆರಡು ವರ್ಷ. ಇದುವರೆಗೆ ಕೊಂದದ್ದು ಇಲಿ, ಅದೂ ಬೋನಿನಲ್ಲಿ.

ಈ ಆರ್ಲೋಗೆ ೧೯೬೧ರಲ್ಲಿ ಪೌರನೀತಿ ಪಾಠ ಹೇಳಿದವಳು ನಾನು. ತರಗತಿಯ ಚುನಾವಣೆಯಲ್ಲಿ ಸೋತ ಮೇಲೆ ಎಣಿಕೆಯ ನಿಯಮ ಬದಲಾಯಿಸಲು ಹೊರಟಿದ್ದ. 'ನಡೆದುಹೋದ ಕೆಲಸಕ್ಕೆ ಆಮೇಲೆ ಕಾನೂನು ಮಾಡುವಂತಿಲ್ಲ' ಎಂದು ಐವತ್ತು ಸಲ ಬರೆಸಿದೆ. ನಲವತ್ತಾರು ಸಲ ಬರೆದು ಐವತ್ತು ಎಂದು ಕೊಟ್ಟ. ಎಣಿಸಿದ್ದೆ.

ಬೇಟೆಮನೆ ಇರುವ ಜಮೀನು ನನ್ನ ಅಜ್ಜನದು. ೧೯೪೯ರಲ್ಲಿ ಅಪ್ಪ ಅದನ್ನು ಬೇಟೆಗಾರರ ಕೂಟಕ್ಕೆ ಮಾರಿ, ಮಗನಿಗೆಂದು ಒಂದು ಪಾಲು ಉಳಿಸಿಕೊಂಡ. ಮಗಳಿಗೆ? 'ಹುಡುಗಿಗೆ ಬೇಟೆಮನೇಲಿ ಏನು ಕೆಲಸ?' ಅಂದಿದ್ದ. ಆಗ ನನಗೆ ಹದಿಮೂರು. ಅಳತೆ ಮಾಡಲು ಬಂದ ಮನುಷ್ಯ, ಅಮ್ಮ ನೆಟ್ಟ ಸೇಬಿನ ಮರವನ್ನು ಕಲ್ಲುಗೋಡೆಯ ಆಚೆ ಸರ್ಕಾರಿ ಕಾಡಿಗೆ ಸೇರಿಸಿ ನಕ್ಷೆ ಬರೆದ. ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದು ನಿಂತಿದ್ದವಳು ನಾನೇ. ಅಲ್ಲಿ ನಲವತ್ತು ಅಡಿ ಮೋಸವಾಗಿದೆ ಎಂದು ಜಿಲ್ಲಾ ಕಚೇರಿಗೆ ಈವರೆಗೆ ನಾಲ್ಕು ಕಾಗದ ಬರೆದಿದ್ದೇನೆ. ಪ್ರತಿ ಸಲವೂ ಬೇಟೆಮನೆಗೂ ಒಂದು ಪ್ರತಿ ಕಳಿಸಿದ್ದೇನೆ. ಉತ್ತರ ಬಂದದ್ದು ಒಂದಕ್ಕೆ. ಅದರಲ್ಲಿಯೂ ನನ್ನ ಹೆಸರು ತಪ್ಪು.

ಈಗ ಜಿಲ್ಲಾ ನ್ಯಾಯಾಧೀಶರಿಗೇ ಬರೆಯುತ್ತೇನೆ. ಕರಡು ಶುರು ಮಾಡಿದ್ದೇನೆ, ಆರು ಪುಟವಾಗಿದೆ. ಅದಿರಲಿ, ಬೇಟೆಯನ್ನೂ ಮಾಡುತ್ತೇನೆ. ಅಕ್ಟೋಬರಿನಲ್ಲೇ ಹನ್ನೆರಡು ವರ್ಷದ ಮಕ್ಕಳ ನಡುವೆ ಕೂತು ಸುರಕ್ಷತೆಯ ತರಗತಿ ಮುಗಿಸಿ ಪರವಾನಗಿ ತೆಗೆದುಕೊಂಡಿದ್ದೇನೆ. ಪರೀಕ್ಷೆಯಲ್ಲಿ ನನಗೇ ಮೊದಲ ಸ್ಥಾನ. ಪ್ರಶ್ನೆಪತ್ರಿಕೆಯಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು, ತಿದ್ದಿಕೊಟ್ಟೆ.

ಡಿಸೆಂಬರ್ ೧೭, ಗುರುವಾರ

ಡೆಲ್ಬರ್ಟ್ ನನ್ನನ್ನು ಜಲ್ಲಿಗುಂಡಿಗೆ ಕರೆದೊಯ್ದು ಕೋವಿ ಕಲಿಸಿದ. ಅಪ್ಪನ ಗೆಳೆಯರಲ್ಲಿ ಬದುಕಿ ಉಳಿದವನು ಇವನೊಬ್ಬನೇ. ಎಪ್ಪತ್ತೆಂಟು ವರ್ಷ, ಕಿವಿ ಮಂದ, ಬೇಟೆಮನೆಯ ಅಡುಗೆ ಇವನದೇ. ನಾನು ಕೇಳಿಕೊಂಡಿರಲಿಲ್ಲ. ಬೆಳಿಗ್ಗೆ ತಾನಾಗಿಯೇ ಬಂದು ಗಾಡಿಯ ಹಾರನ್ ಬಾರಿಸಿದ.

ಮೊದಲು ಕರಿಮದ್ದು ಅಳೆದು ನಳಿಗೆಗೆ ಸುರಿಯಬೇಕು. ಕೊಬ್ಬು ಸವರಿದ ಬಟ್ಟೆಯ ತುಣುಕಿನಲ್ಲಿ ಸೀಸದ ಗುಂಡು ಸುತ್ತಿ, ಉದ್ದ ಕೋಲಿನಿಂದ ತಳ ಮುಟ್ಟುವ ತನಕ ದೂಡಬೇಕು. ಕೊನೆಗೆ ಪಕ್ಕದ ಪುಟ್ಟ ಬಟ್ಟಲಿಗೆ ಒಂದು ಚಿಟಿಕೆ ನುಣ್ಣನೆಯ ಮದ್ದು. ಬೆರಳಿನಿಂದ ಕೋವಿಯ ಕುದುರೆ ಎಳೆದರೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಬಟ್ಟಲಿಗೆ ಬೀಳುತ್ತದೆ. ಬಟ್ಟಲಿನ ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗುತ್ತದೆ. ಆ ಬೆಂಕಿ ಏಳುವುದು ಕಣ್ಣಿನಿಂದ ಒಂದು ಗೇಣು ದೂರದಲ್ಲಿ. ಅದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಒಂದು ಚೂರು ಹೊತ್ತು ಇರುತ್ತದೆ. ಎಲ್ಲ ಕೆಡುವುದು ಆ ಚೂರು ಹೊತ್ತಿನಲ್ಲಿ ಎಂದ ಡೆಲ್ಬರ್ಟ್.

ಹದಿನೆಂಟು ಈಡು ಹಾರಿಸಿದೆ. ಗುರಿಗೆಂದು ನಿಲ್ಲಿಸಿದ ರಟ್ಟಿಗೆ ತಾಗಿದ್ದು ಐದು.

"ಕಣ್ಣು ಮುಚ್ತೀಯ ವಿನೀ."

ಇಲ್ಲ ಎಂದೆ. ನಾನು ಕಣ್ಣು ಮುಚ್ಚುವವಳಲ್ಲ ಎಂದು ಊರಿಗೇ ಗೊತ್ತು.

ಡಿಸೆಂಬರ್ ೨೬, ಶನಿವಾರ. ಬೇಟೆಮನೆ

ಐವತ್ತು ವರ್ಷದ ಮೇಲೆ ಈ ನೆಲದಲ್ಲಿ ಕಾಲಿಟ್ಟೆ. ಅಜ್ಜನ ಮನೆ ಎಂದೋ ಸುಟ್ಟುಹೋಗಿ, ಆ ಜಾಗದಲ್ಲಿ ಈ ಮರದ ಮನೆ ಎದ್ದಿದೆ. ಒಂದೇ ಕೋಣೆ, ಒಂದು ಒಲೆ, ಆರು ಮಂಚ. ಇಲ್ಲಿರುವವರು ಆರ್ಲೋ, ಡೆಲ್ಬರ್ಟ್ ಮತ್ತು ಶೇಫರ್ ಅಣ್ಣತಮ್ಮಂದಿರು. ಡೆಲ್ಬರ್ಟ್‌ನನ್ನು ಬಿಟ್ಟರೆ ಮಿಕ್ಕವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಒಳಗೆ ಬಂದಾಗ ಮೂವರೂ ಎದ್ದು ನಿಂತರು. ಹಾರ್ಲನ್‌ನ ಮಂಚವನ್ನು ನನಗೆ ಬಿಟ್ಟು, ಅದರ ಮುಂದೆ ಕಂಬಳಿಯ ಪರದೆ ಕಟ್ಟಿದ್ದಾರೆ. ನನ್ನನ್ನು ಒಂದು ಮಾತು ಕೇಳದೆ ಕಟ್ಟಿದ್ದಾರೆ. ಇದನ್ನೂ ಕರಡು ಕಾಗದಕ್ಕೆ ಸೇರಿಸಿದೆ.

ಒಲೆಯ ಹಿಂದಿನ ಗೋಡೆ ತುಂಬ ಅಂಗಿಯ ತುದಿಗಳನ್ನು ಮೊಳೆ ಹೊಡೆದು ಸಿಕ್ಕಿಸಿದ್ದಾರೆ. ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿಯನ್ನು ಆ ಸಂಜೆಯೇ ಕತ್ತರಿಸುವುದು ಇಲ್ಲಿಯ ಪದ್ಧತಿ. ಅದರ ಮೇಲೆ ಹೆಸರು, ತಾರೀಖು, ತಪ್ಪಿದ್ದಕ್ಕೆ ಕಾರಣ. 'ಗಾಳಿ.' 'ರೆಂಬೆ ಅಡ್ಡ ಬಂತು.' 'ಸೂರ್ಯ.' 'ಡೆಲ್ಬರ್ಟ್ ಕೆಮ್ಮಿದ.' ಒಟ್ಟು ಎಪ್ಪತ್ತಮೂರು ತುಂಡು. ಅವುಗಳಲ್ಲಿ ಹನ್ನೊಂದು ಹಾರ್ಲನ್‌ನವು. ಇಪ್ಪತ್ತು ವರ್ಷ ಕ್ರಿಸ್‌ಮಸ್ ಊಟಕ್ಕೆ ಬಂದಾಗಲೆಲ್ಲ, ತನ್ನ ಗುರಿ ಒಮ್ಮೆಯೂ ತಪ್ಪಿಲ್ಲ ಎಂದು ನನ್ನ ಮುಂದೆ ಹೇಳುತ್ತಿದ್ದ.

ಅವನ ಅಂಗಿಗಳಲ್ಲಿ ಮೂರು ನಾನೇ ಉಡುಗೊರೆ ಕೊಟ್ಟವು. 'ಅಕ್ಕ ಕೊಟ್ಟ ಅಂಗಿ ಏನಾಯ್ತೋ' ಎಂದು ನಾನು ಕೇಳಿದಾಗ ಇಲಿ ಕಡಿಯಿತು ಎಂದಿದ್ದ.

ಜಿಂಕೆ ಕಾಣಲಿಲ್ಲ.

ಡಿಸೆಂಬರ್ ೨೭, ಭಾನುವಾರ

ಈ ರಾಜ್ಯದಲ್ಲಿ ಭಾನುವಾರ ಬೇಟೆ ನಿಷಿದ್ಧ. ಒಳ್ಳೆಯ ಕಾನೂನು. ಕರಡು ಒಂಬತ್ತು ಪುಟಕ್ಕೆ ಬಂತು. ನಾಲ್ಕನೇ ನಿಯಮ ನನಗೋಸ್ಕರವೇ ಹುಟ್ಟಿದ್ದು ಎಂದು ಬರೆಯುವ ಮೊದಲು ಖಚಿತವಾಗಲಿ ಎಂದು ನಡಾವಳಿ ಪುಸ್ತಕ ಕೇಳಿದೆ. ಆರ್ಲೋ ತಂದುಕೊಟ್ಟ. ನಿಯಮ ೧೯೭೬ರದು. ಸೂಚಿಸಿದವನು ಹಾರ್ಲನ್.

ಆ ವಾಕ್ಯ ಹೊಡೆದು ಹಾಕಿದೆ. ಉಳಿದ ವಾದಕ್ಕೇನೂ ಧಕ್ಕೆ ಇಲ್ಲ.

ಡಿಸೆಂಬರ್ ೨೯, ಮಂಗಳವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ.

ನಿನ್ನೆ ಸಂಜೆ ಕೋವಿಯನ್ನು ತುಂಬಿದ ಹಾಗೆಯೇ ಹೊರಗಿನ ಜಗುಲಿಯಲ್ಲಿ ನೇತುಹಾಕಲು ಡೆಲ್ಬರ್ಟ್ ಹೇಳಿದ್ದ. ಬಟ್ಟಲಿನ ಮದ್ದು ತೆಗೆದರೆ ಸಾಕು, ಅದು ಹಾರುವುದಿಲ್ಲ, ಎಲ್ಲರ ಕೋವಿಯೂ ಅಲ್ಲೇ ಇರುತ್ತದೆ. ನನಗೆ ಸರಿ ಕಾಣಲಿಲ್ಲ. ಆಯುಧವನ್ನು ದಾರಿಹೋಕರ ಕೈಗೆಟುಕುವಂತೆ ಇಡುವುದು ಜವಾಬ್ದಾರಿಯ ನಾಗರಿಕರ ಲಕ್ಷಣವಲ್ಲ. ಎಲ್ಲರೂ ಮಲಗಿದ ಮೇಲೆ ಒಳಗೆ ತಂದು ಮಂಚದ ಪಕ್ಕ ಇಟ್ಟುಕೊಂಡೆ.

ಬೆಳಿಗ್ಗೆ ಏಳೂವರೆಗೆ ತೊರೆಯ ಬಳಿ ಒಂದು ಗಂಡು ಜಿಂಕೆ ಸಿಕ್ಕಿತು. ಮೂವತ್ತು ಹೆಜ್ಜೆ ದೂರ, ಅಡ್ಡಡ್ಡ ನಿಂತಿತ್ತು, ನಮ್ಮ ಗಡಿಯೊಳಗೇ. ಕುದುರೆ ಎಳೆದೆ. ಬಟ್ಟಲಿನಲ್ಲಿ ಭಸ್ ಎಂದು ಬೆಂಕಿ ಎದ್ದಿತು, ಅಷ್ಟೇ. ನಳಿಗೆ ಮಾತಾಡಲಿಲ್ಲ. ಜಿಂಕೆ ತಲೆಯೆತ್ತಿ ನನ್ನನ್ನೂ ಹೊಗೆಯನ್ನೂ ನೋಡಿ, ಓಡಲೂ ಇಲ್ಲ, ನಡೆದುಕೊಂಡು ಹೋಯಿತು.

ಡೆಲ್ಬರ್ಟ್ ಕೋವಿ ಬಿಚ್ಚಿದಾಗ ಮದ್ದು ಮುದ್ದೆಯಾಗಿತ್ತು.

"ಒಳಗೆ ತಂದಿದ್ಯಾ?"

ಹೌದೆಂದೆ.

"ಚಳೀಲಿದ್ದ ಕಬ್ಬಿಣ ಬಿಸಿಮನೆಗೆ ಬಂದ್ರೆ ಬೆವರ್ತದೆ, ವಿನೀ. ನಳಿಗೆ ಹೊರಗೂ ಬೆವರ್ತದೆ, ಒಳಗೂ ಬೆವರ್ತದೆ. ಇಲ್ಲಿ ದಾರಿಹೋಕರು ಅಂದ್ರೆ ಯಾರು? ಕರಡೀನಾ? ಅದೂ ಈಗ ಮಲಗಿರ್ತದೆ."

ರಾತ್ರಿ ಊಟಕ್ಕೆ ಕೂತಾಗ, ಇದು ಗುರಿ ತಪ್ಪಿದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಒಂದು ಗಂಟೆ ಚರ್ಚೆ ನಡೆಯಿತು. ಗುಂಡು ನಳಿಗೆಯಿಂದ ಹೊರಡದಿದ್ದರೆ ತಪ್ಪೂ ಅಲ್ಲ, ತಾಗಿದ್ದೂ ಅಲ್ಲ ಎಂದು ತೀರ್ಮಾನವಾಯಿತು. ಚರ್ಚೆ ನಿಯಮಬದ್ಧವಾಗಿತ್ತು ಎಂಬುದನ್ನು ಒಪ್ಪಬೇಕು. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಲಿಲ್ಲ. ಪಟ್ಟಣ ಸಭೆಗೆ ಇವರನ್ನು ಕಳಿಸಬಹುದು.

ಡಿಸೆಂಬರ್ ೩೦

ಕೋವಿ ಜಗುಲಿಯಲ್ಲಿದೆ.

೧೯೯೯ ಜನವರಿ ೧, ಶುಕ್ರವಾರ

ಹೊಸವರ್ಷಕ್ಕೆ ಹಂದಿಮಾಂಸ, ಹುಳಿ ಬರಿಸಿದ ಎಲೆಕೋಸು. ಈ ದಿನ ಕೋಳಿ ತಿಂದರೆ ವರ್ಷವಿಡೀ ಹಿಂದಕ್ಕೆ ಕೆದರುತ್ತಿರಬೇಕಾಗುತ್ತದೆ, ಹಂದಿಯಾದರೆ ಮೂತಿಯನ್ನು ಮುಂದಕ್ಕೆ ದೂಡುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಡೆಲ್ಬರ್ಟ್‌ನೂ ಅದನ್ನೇ ಹೇಳಿ ಬಡಿಸಿದ. ಶೇಫರ್‌ಗಳಲ್ಲಿ ತಮ್ಮ, ಟೀಚರಿಗೆ ಹಾಗಾದರೆ ಕೋಳಿಯೇ ವಾಸಿ, ಅವರಿಗೆ ಹಿಂದಿನದೆಲ್ಲ ಕೆದರಿ ಅಭ್ಯಾಸ ಇದೆ ಎಂದ. ಅಣ್ಣ ಅವನಿಗೆ ಮೊಣಕೈಯಿಂದ ತಿವಿದ. ನನಗೆ ನಗು ಬಂತು. ಹುಳಿ ಹೆಚ್ಚಾಗಿತ್ತು.

ಮಧ್ಯಾಹ್ನ ಗಾಳಿ ಪಶ್ಚಿಮಕ್ಕೆ ತಿರುಗಿತು. ಗಡಿಯ ಕಲ್ಲುಗೋಡೆಯ ಹತ್ತಿರದ ಮೋಟುಮರದ ಬುಡದಲ್ಲಿ ಕೂತರೆ ನನ್ನ ವಾಸನೆ ಕಣಿವೆಗೆ ಹೋಗುತ್ತದೆ, ತೋಟದ ಕಡೆ ಹೋಗುವುದಿಲ್ಲ. ಅಜ್ಜನ ತೋಟದಲ್ಲಿ ಒಂಬತ್ತು ಸೇಬಿನ ಮರ ಉಳಿದಿವೆ, ಎಲ್ಲ ಬೋಳು. ಕಾಯಿ ಇರುವುದು ಗೋಡೆಯಾಚೆಯ ಅಮ್ಮನ ಮರದಲ್ಲಿ ಮಾತ್ರ. ಚಳಿಗೆ ಕಂದಾಗಿ, ಗಟ್ಟಿಯಾಗಿ, ಇನ್ನೂ ನೇತಾಡುತ್ತಿವೆ. ಹೆಜ್ಜೆಗುರುತುಗಳೆಲ್ಲ ಅಲ್ಲಿಗೇ ಹೋಗುತ್ತವೆ.

ಜನವರಿ ೪, ಸೋಮವಾರ

ತಪ್ಪಿದೆ. ಒಂಬತ್ತು ಗಂಟೆ, ಹೆಣ್ಣು ಜಿಂಕೆ, ನಲವತ್ತು ಹೆಜ್ಜೆ, ಗೋಡೆಯ ಈಚೆ. ಕೋವಿ ಸರಿಯಾಗಿ ಹಾರಿತು. ಗುಂಡು ಒಂದು ಬರ್ಚ್ ಮರದಲ್ಲಿ ಕೂತಿದೆ, ಹೋಗಿ ನೋಡಿದೆ.

ಊಟವಾಯಿತು, ಪಾತ್ರೆ ತೊಳೆದದ್ದಾಯಿತು, ಆರ್ಲೋ ಹವಾಮಾನದ ಬಗ್ಗೆ ಮಾತಾಡಿದ. ಕತ್ತರಿಯ ಸುದ್ದಿಯೇ ಇಲ್ಲ. ನಾನೇ ಕೇಳಿದೆ. ಎಲ್ಲರೂ ಒಲೆ ನೋಡಿದರು.

"ಮಿಸ್, ನಿಮ್ಮ ಅಂಗಿಗೆ ಕತ್ತರಿ ಹಾಕೋಕೆ ಕೈ ಬರಲ್ಲ" ಎಂದ ಆರ್ಲೋ. "ನೀವು ನಮ್ಗೆ ಪಾಠ ಹೇಳಿದೋರು."

"ಹನ್ನೊಂದು ಸಲ ನನ್ನ ತಮ್ಮಂದು ಕತ್ತರಿಸಿದ್ದೀರಿ. ನನ್ನ ಗುಂಡು ಏನು, ಗುಂಡಲ್ವಾ?"

ಆರ್ಲೋ ಕತ್ತರಿ ತಂದು, ಅಳತೆಪಟ್ಟಿ ಇಟ್ಟ ಹಾಗೆ ನೇರವಾಗಿ ಕತ್ತರಿಸಿದ. ಹೆಸರು ಬರೆದೆ, ತಾರೀಖು ಬರೆದೆ. ಕಾರಣ: 'ಕಣ್ಣು ಮುಚ್ಚಿದೆ.'

ಡೆಲ್ಬರ್ಟ್ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದ. ಈ ಗೋಡೆಯ ಮೇಲೆ ನಿಜ ಬಂದದ್ದು ಇದೇ ಮೊದಲು ಎಂದು ಹೇಳಿ ಹಾರ್ಲನ್‌ನ ಕೊನೆಯದರ ಪಕ್ಕ ಮೊಳೆ ಹೊಡೆದ. ಈಗ ಎಪ್ಪತ್ತನಾಲ್ಕು.

ಜನವರಿ ೬, ಬುಧವಾರ

ಸೊನ್ನೆಗಿಂತ ಕೆಳಗೆ. ಬಟ್ಟಲು ಒರೆಸಲು ಒಣಗಿದ ಕಾಗದ ಬೇಕಾಗಿತ್ತು. ಜೇಬಿನಲ್ಲಿ ಕರಡಿನ ಮೂರನೆಯ ಪುಟ ಸಿಕ್ಕಿತು. ಚೆನ್ನಾಗಿ ಹೀರುತ್ತದೆ.

ಆರು ಗಂಟೆ ಕೂತಿದ್ದೆ. ಗೋಡೆಯ ಮೇಲೆ ಪಾಚಿ ದಪ್ಪಗಿದೆ, ಅಜ್ಜನಿಗಿಂತ ಹಳೆಯ ಗೋಡೆ. ಅಮ್ಮ ಆ ಗಿಡ ನೆಟ್ಟ ದಿನ ನೆನಪಾಯಿತು. ನೀರಿನ ಬಕೆಟ್ಟು ನನ್ನ ಕೈಯಲ್ಲಿತ್ತು. ಗೋಡೆ ಹತ್ತುವಾಗ ಅರ್ಧ ಚೆಲ್ಲಿತು. ಅಮ್ಮ ಆಚೆಯಿಂದ ಕೈ ಚಾಚಿ ಇಸಿದುಕೊಂಡಳು. ಆಚೆಯದು ಜಿಂಕೆಗೆ, ಅದು ಇದ್ದರೆ ನಮ್ಮ ತೋಟಕ್ಕೆ ಬರುವುದಿಲ್ಲ ಅಂದಳು.

ಆಚೆಯಿಂದ ಕೈ ಚಾಚಿದಳು.

ಕಾಲಬೆರಳು ಮರಗಟ್ಟಿವೆ. ನಾಳೆ ಎರಡು ಜೊತೆ ಕಾಲುಚೀಲ.

ಜನವರಿ ೭

ಗಾಳಿ ದಕ್ಷಿಣ. ಏನಿಲ್ಲ.

ಜನವರಿ ೮

ಮೂರು ಹೆಣ್ಣು ಜಿಂಕೆ, ದೂರ. ದೊಡ್ಡದಕ್ಕೆ ಎಡಗಿವಿ ಸೀಳಿದೆ. ನಾಲ್ಕು ಗಂಟೆಗೆ ಬರುತ್ತದೆ. ಕೋವಿಯ ಚಕಮಕಿ ಕಲ್ಲು ಬದಲಿಸಿದೆ. ನಾಳೆ ಕೊನೆಯ ದಿನ.

ಜನವರಿ ೯, ಶನಿವಾರ

ಎರಡು ಗಂಟೆಗೆ ಹಿಮ ಶುರುವಾಯಿತು. ಬಟ್ಟಲಿನ ಮದ್ದನ್ನು ಅರ್ಧ ಗಂಟೆಗೊಮ್ಮೆ ಬದಲಾಯಿಸಿ, ಕೋವಿಯ ಕಲ್ಲು, ಬಟ್ಟಲು ಎರಡನ್ನೂ ಕೋಟಿನ ತೋಳಿನಡಿ ಮುಚ್ಚಿಕೊಂಡು ಕೂತೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಸೀಳುಕಿವಿಯದು ಒಂದೇ ಬಂತು. ಅಮ್ಮನ ಮರದ ಕೆಳಗೆ ಹಿಂಗಾಲಿನ ಮೇಲೆ ನಿಂತು ಒಂದು ಸೇಬು ಕಿತ್ತಿತು. ಅದು ಅಗಿಯುವ ಸದ್ದು ಕೇಳಿಸುತ್ತಿತ್ತು. ಎರಡನೆಯ ಸೇಬಿಗೆ ಕತ್ತು ಚಾಚಿದಾಗ ಕುದುರೆ ಎಳೆದೆ. ಮೊದಲು ಬಟ್ಟಲಿನ ಬೆಂಕಿ, ಆಮೇಲೆ ಸದ್ದು. ಎರಡನ್ನೂ ನೋಡಿದೆ. ಕಣ್ಣು ತೆರೆದೇ ಇತ್ತು.

ಹೊಗೆ ಹಿಮದಲ್ಲಿ ಮೇಲೇಳದೆ ನಿಂತುಬಿಟ್ಟಿತು. ಡೆಲ್ಬರ್ಟ್ ಹೇಳಿಕೊಟ್ಟಂತೆ ಅಲ್ಲೇ ಎದ್ದು ನಿಂತು ಮತ್ತೆ ತುಂಬಿದೆ. ಮದ್ದು ಚೆಲ್ಲಲಿಲ್ಲ. ಆಮೇಲೆ ಹೋದೆ. ಗೋಡೆಯ ಮೇಲಿನ ಕಲ್ಲಿನಲ್ಲಿ ರಕ್ತವಿತ್ತು. ಅದು ಗೋಡೆ ಹಾರಿ ಈಚೆ ಬಂದು, ಅರವತ್ತು ಹೆಜ್ಜೆ ಓಡಿ, ಒರತೆಯ ಹತ್ತಿರ ಬಿದ್ದಿತ್ತು. ಕೈಗವಸು ತೆಗೆದು ಕುತ್ತಿಗೆ ಮುಟ್ಟಿದೆ. ಬಿಸಿಯಿತ್ತು. ಬಾಯಿಯ ಪಕ್ಕ ಸೇಬಿನ ತಿರುಳು ಅಂಟಿತ್ತು. ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಆಗ ಗೋಡೆ ನೆನಪಾಯಿತು. ಈಚೆ ಬರಲಿ ಎಂದು ಕಾಯಬಹುದಾಗಿತ್ತು. ಹೊಡೆಯುವಾಗ ಗೋಡೆ ನನ್ನ ತಲೆಯಲ್ಲೇ ಇರಲಿಲ್ಲ. ನಾಲ್ಕನೇ ನಿಯಮವೂ ಇರಲಿಲ್ಲ. ಬೇಟೆ ಕಾಡಿನಲ್ಲೂ ಕಾನೂನುಬದ್ಧವೇ, ಆದರೆ ಪಾಲಿಗೆ ಅದು ನಡೆಯುವುದಿಲ್ಲ.

ಮರದ ಕೆಳಗೆ ಹೋಗಿ ನೋಡಿದೆ. ಒಂದು ಹಿಡಿ ಕೂದಲು, ನಾಲ್ಕು ಹನಿ. ಹಿಮ ಬೀಳುತ್ತಲೇ ಇತ್ತು. ಅರ್ಧ ಗಂಟೆ ಕಳೆದರೆ ಅಲ್ಲೇನೂ ಕಾಣುತ್ತಿರಲಿಲ್ಲ.

ಸದ್ದು ಕೇಳಿ ಆರ್ಲೋ ಬಂದ. ಒರತೆಯ ಹತ್ತಿರ ಜಿಂಕೆ ನೋಡಿ ಟೊಪ್ಪಿಗೆ ತೆಗೆದ. "ಆಯ್ತಲ್ಲ ಮಿಸ್. ಪಾಲು ನಿಮ್ದೇ" ಎಂದು ಕೈ ಕುಲುಕಿದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ನಾನೂ ಕುಲುಕಿ, ಚಾಕು ಕೇಳಿದೆ. ಕರುಳು ತೆಗೆಯುವುದನ್ನು ಡೆಲ್ಬರ್ಟ್ ಬಾಯಲ್ಲಿ ಹೇಳಿದ, ಚಾಕು ಹಿಡಿದವಳು ನಾನು. ಎಳೆಯುವುದಕ್ಕೆ ಎಲ್ಲರೂ ಕೈ ಹಾಕಿದರು.

ಜನವರಿ ೧೦, ಭಾನುವಾರ

ಬೆಳಿಗ್ಗೆ ಈರುಳ್ಳಿಯ ಜೊತೆ ಲಿವರ್ ಹುರಿದಿದ್ದ ಡೆಲ್ಬರ್ಟ್. ಮೊದಲ ತುಂಡು ಹೊಡೆದವರಿಗೆ. ಅವನು ಚಳಿ ಚಳಿ ಎನ್ನುತ್ತಿದ್ದುದರಿಂದ ಪರದೆಯ ಕಂಬಳಿ ಬಿಚ್ಚಿ ಅವನ ಕಾಲಿಗೆ ಹೊದಿಸಿದ್ದೆ. ಆರ್ಲೋ ನಡಾವಳಿ ಪುಸ್ತಕ ತೆಗೆದು, ನನ್ನ ಹೆಸರು ಬರೆದು, ಜಿಂಕೆ ಎಲ್ಲಿ ನಿಂತಿತ್ತು ಎಂದು ಒಂದು ಸಾಲು ಬರೆಯಬೇಕು, ಹೇಳಿ ಎಂದ.

"ಗೋಡೆಯ ಆಚೆ. ಅಮ್ಮನ ಮರದ ಕೆಳಗೆ."

ಪೆನ್ನು ನಿಂತಿತು. ಡೆಲ್ಬರ್ಟ್‌ಗೆ ಕೇಳಿಸಲಿಲ್ಲ. ಶೇಫರ್ ಅಣ್ಣ ಅವನ ಕಿವಿಯಲ್ಲಿ ಕೂಗಿ ಹೇಳಿದ.

ಆರ್ಲೋ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. "ಆ ಮರ ನಮ್ಕಡೇದು ಅಂತ ನೀವೇ ನಾಲ್ಕು ಸಲ ಬರ್ದಿದ್ರಲ್ಲ ಮಿಸ್. ಪ್ರತಿ ಎಲ್ಲ ಇಟ್ಕೊಂಡಿದೀನಿ. ಸರಪಳಿ ಹಿಡ್ಕೊಂಡಿದ್ದೋರು ನೀವು. ಅಳತೆ ತಪ್ಪು ಅಂತ ಈಗ ಒಂದು ಮಾತು ಹೇಳಿ, ನಾನು 'ಗಡಿಯೊಳಗೆ' ಅಂತ ಬರೀತೀನಿ."

ಇದು ನಾನು ಐವತ್ತು ವರ್ಷದಿಂದ ಕಾಯುತ್ತಿದ್ದ ಮಾತು.

"ಅಳತೆ ಸರಿಯಾಗೇ ಇತ್ತು, ಆರ್ಲೋ. ಅಮ್ಮ ಗೋಡೆ ದಾಟಿ ಹೋಗಿ ನೆಟ್ಟಿದ್ದು. ಬಕೆಟ್ಟು ದಾಟಿಸಿದ್ದು ನಾನೇ."

ಶೇಫರ್ ತಮ್ಮ, ಹಾಗಾದರೆ ನಿಯಮವನ್ನೇ ತಿದ್ದೋಣ, ನಾವು ನಾಲ್ವರೂ ಕೈ ಎತ್ತಿದರೆ ಮುಗಿಯಿತು ಎಂದು ಕೈ ಎತ್ತಿಯೂ ಬಿಟ್ಟ. ಕೆಳಗಿಳಿಸು ಎಂದೆ. ನಿನ್ನೆ ಹಾರಿದ ಗುಂಡಿಗೆ ಇವತ್ತು ನಿಯಮ ಮಾಡುವುದು ಎಲ್ಲಿಯಾದರೂ ಉಂಟೇ?

"ನಡೆದುಹೋದ ಕೆಲಸಕ್ಕೆ ಆಮೇಲೆ ಕಾನೂನು ಮಾಡುವಂತಿಲ್ಲ" ಎಂದ ಆರ್ಲೋ, ಪಾಠ ಒಪ್ಪಿಸುವ ರಾಗದಲ್ಲಿ. ಸ್ವಲ್ಪ ತಡೆದು, "ನಾಲ್ಕು ಸಲ ಕಮ್ಮಿ ಬರೆದಿದ್ದೆ ಮಿಸ್. ನೀವು ನೋಡ್ಲಿಲ್ಲ" ಎಂದ.

"ಎಣಿಸಿದ್ದೆ."

"ಮತ್ತೆ ಯಾಕೆ ಬಿಟ್ರಿ?"

ಲಿವರ್ ಆರುತ್ತಿದೆ, ತಿನ್ನು ಎಂದೆ.

'ಗಡಿಯ ಹೊರಗೆ' ಎಂದು ಬರೆದ. ಅಕ್ಷರ ಈಗ ಪರವಾಗಿಲ್ಲ. ಹಾರ್ಲನ್‌ನ ಪಾಲು ಇವತ್ತಿಗೆ ಮುಗಿಯಿತು. ಪುಸ್ತಕ ಮುಚ್ಚುವ ಮೊದಲು ಆರ್ಲೋ ಕೇಳಿದ, "ಏಳನೇ ನಿಯಮ ಓದಿಲ್ವಾ ಮಿಸ್? ಖಾಲಿ ಬಿದ್ದ ಪಾಲು ಒಂದು ವರ್ಷ ಯಾರಿಗೂ ಕೊಡೋ ಹಾಗಿಲ್ಲ. ಆಮೇಲೆ, ಇಲ್ಲಿ ಒಂದು ಚಳಿಗಾಲ ಕಳೆದ ಅತಿಥಿ ಯಾರೇ ಆಗ್ಲಿ, ಬಂದು ಜಿಂಕೆ ಹೊಡೆದು ಪಾಲು ತಗೋಬೋದು."

"ಓದಿದ್ದೆ. ಕೋಪದಲ್ಲಿ ಓದಿದ್ದೆ."

ಡೆಲ್ಬರ್ಟ್‌ಗೆ ಇದು ಮಾತ್ರ ಹೇಗೋ ಕೇಳಿಸಿತು. ಕಂಬಳಿಯೊಳಗೇ ನಕ್ಕ.

ಜನವರಿ ೨೩, ಶನಿವಾರ. ಮನೆ

ಮಾಂಸವನ್ನು ಐದು ಪಾಲು ಮಾಡಿದೆವು. ನನ್ನದರಲ್ಲಿ ಅರ್ಧ ಪಕ್ಕದ ಮನೆಗೆ ಹೋಯಿತು. ಕೋವಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿದ್ದೇನೆ. ಬಚ್ಚಲು ಇನ್ನೂ ಗಂಧಕದ ವಾಸನೆ ಹೊಡೆಯುತ್ತಿದೆ.

ನ್ಯಾಯಾಧೀಶರಿಗೆ ಬರೆದದ್ದರಲ್ಲಿ ಉಳಿದಿರುವುದು ಆರನೆಯ ಪುಟ ಒಂದೇ, ಮಿಕ್ಕದ್ದೆಲ್ಲ ಬಟ್ಟಲು ಒರೆಸಲು ಹೋಯಿತು. ಹಿಂಬದಿ ಖಾಲಿಯಿತ್ತು, ಮಾರ್ಚಿಗೆ ಬೇಕಾದದ್ದನ್ನು ಅದರ ಮೇಲೆ ಬರೆದುಕೊಂಡೆ: ಕಸಿ ಚಾಕು, ಮೇಣ, ಹಳೆಯ ಬಟ್ಟೆ. ಅಮ್ಮನ ಮರದಿಂದ ನಾಲ್ಕು ಕಡ್ಡಿ ತಂದು, ಒರತೆಯ ಹತ್ತಿರ ತಾನಾಗಿ ಎದ್ದಿರುವ ಸೇಬಿನ ಸಸಿಗಳಿಗೆ ಕಸಿ ಕಟ್ಟಬೇಕು. ಗೋಡೆಯ ಈಚೆ. ಜಾಗ ಯಾವುದೆಂದು ಆರ್ಲೋನೇ ಗೂಟ ಹೊಡೆದು ತೋರಿಸಿದ್ದಾನೆ. ಕಾಯಿ ಬಿಡಲು ಐದು ವರ್ಷ ಬೇಕು. ಆಗ ನನಗೆ ಅರವತ್ತೇಳು. ಡೆಲ್ಬರ್ಟ್‌ನ ಕಣ್ಣಿಗೆ ಅದೊಂದು ವಯಸ್ಸೇ ಅಲ್ಲ.

ಮರ ಸರ್ಕಾರಿ ಕಾಡಿನದು, ಕಡ್ಡಿ ಕತ್ತರಿಸಲು ಅನುಮತಿ ಬೇಕು. ಸೋಮವಾರ ಅರಣ್ಯ ಕಚೇರಿಗೆ ಬರೆಯಬೇಕು. ಆ ಮರದ ಬಗ್ಗೆ ಇದು ನನ್ನ ಐದನೆಯ ಕಾಗದ. ಒಂದೇ ಪುಟ ಸಾಕು.